ಬೆನ್ನ ಹಿಂದಿನ ಸಮುದ್ರ ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ನಮಗೆ ಕೆರೆ ಗೊತ್ತು, ಕುಂಟೆ ಗೊತ್ತು. ಸಮುದ್ರ ನೋಡಬೇಕಾದರೆ ಮಕ್ಕಳಿಗೆ ಬೇಸಿಗೆ ರಜೆ ಬರಬೇಕಿತ್ತು, ಜೊತೆಗೆ ತೀರಿಸಬೇಕಾದ ಹರಕೆಯೊಂದು ಇರಬೇಕಿತ್ತು. ಹಾಗಾಗಿ ನಮ್ಮ ಮನೆಗಳ ಹಳೆಯ ಆಲ್ಬಮ್ಮಿನಲ್ಲಿ ಸಮುದ್ರದ ಫೋಟೋ ಇದ್ದರೆ ಒಂದೋ ಎರಡೋ. ಹಿರಿಯರು ಪಂಚೆ ಎತ್ತಿ ಕಟ್ಟಿ ನಿಂತಿರುತ್ತಾರೆ, ಹೆಂಗಸರು ನೆರಿಗೆ ಹಿಡಿದುಕೊಂಡಿರುತ್ತಾರೆ. ಹಿಂಬದಿ ತಿರುಗಿಸಿದರೆ 'ಸಮುದ್ರದ ಹತ್ತಿರ' ಎಂದಷ್ಟೇ ಬರೆದಿರುತ್ತದೆ. ಯಾವ ಸಮುದ್ರ, ಯಾವ ಊರು, ಯಾವ ವರ್ಷ ಎಂಬುದಿರುವುದಿಲ್ಲ.

ಅದನ್ನು ಪತ್ತೆ ಮಾಡಬಹುದು. ಫೋಟೋ ಕೈಗೆ ಬಂದೊಡನೆ ನಾವು ಮುಖಗಳನ್ನು ನೋಡುತ್ತೇವೆ. ಊರು ಅಡಗಿರುವುದು ಮುಖಗಳ ನಡುವಿನ ಸಂದಿಯಲ್ಲಿ, ಯಾರದೋ ಭುಜದ ಮೇಲಿನ ಮೂಲೆಯಲ್ಲಿ. ಅಲ್ಲಿಗೆ ಭೂತಗನ್ನಡಿ ಹಿಡಿಯಬೇಕು. ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿ ನೋಡಿದರೆ ಇನ್ನೂ ಒಳ್ಳೆಯದು.

ನಮ್ಮ ರಾಜ್ಯದ ಕರಾವಳಿ ಪಶ್ಚಿಮಕ್ಕಿರುವುದರಿಂದ ಮಂಗಳೂರು, ಮಲ್ಪೆ ಎಂದು ಊಹಿಸುವವರೇ ಹೆಚ್ಚು. ಆದರೆ ಕೋಲಾರದವರಿಗೆ ಹತ್ತಿರದ ಸಮುದ್ರ ಮದರಾಸಿನದು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಜೋಲಾರಪೇಟೆ, ಕಾಟ್ಪಾಡಿ ದಾಟಿ ಮದರಾಸು. ಮುಳಬಾಗಿಲಿನ ಮೇಲೆ ಬಸ್ಸಿನಲ್ಲಿ ಹೊರಟರೆ ಚಿತ್ತೂರು, ತಿರುಪತಿ, ಅಲ್ಲಿಂದ ಮುಂದೆ ಕಂಚಿ, ಮಹಾಬಲಿಪುರ. ನಮ್ಮ ಜನ ಸಮುದ್ರಕ್ಕೆಂದೇ ಹೊರಟದ್ದು ಕಡಿಮೆ. ದೇವರಿಗೆಂದು ಹೊರಟು, ಹಾಗೆಯೇ ಸಮುದ್ರವನ್ನೂ ನೋಡಿಕೊಂಡು ಬಂದರು. ಆದ್ದರಿಂದ ಆ ಒಂದು ಫೋಟೋವನ್ನು ಒಂಟಿಯಾಗಿ ನೋಡಬಾರದು. ಆಲ್ಬಮ್ಮಿನಲ್ಲಿ ಅದರ ಹಿಂದೆ ಮುಂದೆ ಯಾವ ಗೋಪುರವಿದೆ ನೋಡಿ. ನೆಗೆಟಿವ್ ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಯಾವುದರ ನಂತರ ಯಾವುದನ್ನು ತೆಗೆದರು ಎಂಬ ಕ್ರಮ ಅದರಲ್ಲಿ ಕೆಡದೆ ಉಳಿದಿರುತ್ತದೆ.

ನನ್ನ ಮುಂದೆ ಈಗ ಅಂಥ ಒಂದು ಫೋಟೋ ಇದೆ. ಅಂಗೈ ಅಗಲದ ಚೌಕ, ಕಪ್ಪು ಬಿಳುಪು. ಒಂದು ರೋಲಿಗೆ 12 ಚಿತ್ರ ಬರುತ್ತಿದ್ದ ಆಗ್ಫಾ ಕ್ಲಿಕ್ ತರಹದ ಕ್ಯಾಮೆರಾದ್ದು. ನಡುವೆ ನಮ್ಮ ಸೋದರತ್ತೆ, ಅತ್ತ ಇತ್ತ ಇಬ್ಬರು ಹುಡುಗರು. ಇಬ್ಬರ ತಲೆಯೂ ನುಣ್ಣಗೆ ಬೋಳು. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿರಬೇಕು ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಮುಡಿಯನ್ನು ಧರ್ಮಸ್ಥಳದಲ್ಲೂ ಕೊಡುತ್ತಾರೆ. ಅಲ್ಲಿಂದ ಇಳಿದರೆ ಸಿಗುವುದು ಮಂಗಳೂರಿನ ಸಮುದ್ರ. ಬೋಳು ತಲೆಯೊಂದರಿಂದ ತೀರ್ಮಾನಿಸುವಂತಿಲ್ಲ.

ಇಲ್ಲಿ ನೆರಳು ನೆರವಿಗೆ ಬರುತ್ತದೆ. ಸಮುದ್ರ ಮೂವರ ಬೆನ್ನಿಗಿದೆ, ಮುಖಗಳ ಮೇಲೆ ಬಿಸಿಲು ಬಿದ್ದಿದೆ, ಉದ್ದನೆಯ ನೆರಳುಗಳು ಅಲೆಗಳ ಕಡೆಗೆ ಚಾಚಿವೆ. ಎಂದರೆ ಸೂರ್ಯ ನೆಲದ ಕಡೆಗಿದ್ದಾನೆ. ಪಶ್ಚಿಮ ಕರಾವಳಿಯಲ್ಲಿ ಹೀಗಾಗುವುದು ಬೆಳಿಗ್ಗೆ, ಪೂರ್ವ ಕರಾವಳಿಯಲ್ಲಿ ಸಂಜೆ. ಮಲ್ಪೆಯಲ್ಲಿ ಸಂಜೆ ಹೀಗೆ ನಿಲ್ಲಿಸಿ ತೆಗೆದಿದ್ದರೆ ಸೂರ್ಯ ಎದುರಿಗಿದ್ದು ಮುಖಗಳು ಕಪ್ಪಾಗುತ್ತಿದ್ದವು. ಹಾಗಾದರೆ ಇದು ಬೆಳಿಗ್ಗೆಯೋ ಸಂಜೆಯೋ? ಚಿಕ್ಕ ಹುಡುಗನ ಕೈಯಲ್ಲಿ ಕಾಗದದ ಪೊಟ್ಟಣವಿದೆ. ಅವನ ಹಿಂದೆ, ಸ್ವಲ್ಪ ಮಸುಕಾಗಿ, ಪಾತ್ರೆ ಹೊತ್ತು ಮಾರುವವನೊಬ್ಬ. ಹಿಂದೆಲ್ಲ ಜನವೋ ಜನ. ಬಟಾಣಿ ಸುಂಡಲ್, ಅಂದರೆ ಉಸಲಿ, ಮಾರುವ ಮದರಾಸಿನ ಮರೀನಾ ಕಡಲತೀರದ ಸಂಜೆಯಂತೆಯೇ ಇದೆ. ಕೊನೆಗೆ ಎಡ ಮೂಲೆಯಲ್ಲಿ ಬಂಡೆಯೊಂದನ್ನು ಮೈಬಗ್ಗಿಸಿ ಮೀಟುತ್ತಿರುವ ಗಂಡಸರ ಆಕೃತಿ, ಅರ್ಧ ಮಾತ್ರ. ಅದು ದೇವಿಪ್ರಸಾದ್ ರಾಯ್ ಚೌಧರಿಯವರು ಮಾಡಿದ 'ಶ್ರಮದ ಗೆಲುವು' ಶಿಲ್ಪ. ಮರೀನಾದಲ್ಲಿ ಅದು ನಿಂತದ್ದು 1959ರಲ್ಲಿ. ಊರೂ ಸಿಕ್ಕಿತು, ಅದಕ್ಕಿಂತ ಹಿಂದಿನದಲ್ಲ ಎಂಬುದೂ ಸಿಕ್ಕಿತು. ಆ ಕ್ಷಣದ ಸಂತೋಷವನ್ನು ನಾನು ಯಾವ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಕುರ್ಚಿಯಿಂದ ಎದ್ದು ಮನೆಯವರನ್ನೆಲ್ಲ ಕರೆದೆ.

ಮರೀನಾದ್ದೇ ಇನ್ನೊಂದು ಗುರುತು, ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ. ಅದು ಶುರುವಾದದ್ದು 1977ರಲ್ಲಿ. ಗಾಂಧೀಜಿಯ ಪ್ರತಿಮೆ ಕಂಡರೆ ಮಾತ್ರ ಅವಸರ ಬೇಡ, ಪುದುಚೇರಿಯ ಕಡಲತೀರದಲ್ಲೂ ಗಾಂಧೀಜಿ ನಿಂತಿದ್ದಾರೆ. ಸುತ್ತ ಎತ್ತರದ ಕಲ್ಲಿನ ಕಂಬಗಳಿದ್ದರೆ ಅದು ಪುದುಚೇರಿ.

ನೆರಳಿನ ಲೆಕ್ಕ ಕೈಕೊಡುವುದು ಕನ್ಯಾಕುಮಾರಿಯಲ್ಲಿ. ಅಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ನೀರಿನ ಕಡೆಗೇ ಕಾಣುತ್ತದೆ. ಆದರೆ ಅಲ್ಲಿಯ ಬಂಡೆಗಳು ಪಂಚಾಂಗದಷ್ಟು ನಂಬಿಕಸ್ಥ. ದೊಡ್ಡ ಬಂಡೆ ಬರಿದಾಗಿ ಕಂಡರೆ ವಿವೇಕಾನಂದ ಸ್ಮಾರಕ ಕಟ್ಟುವುದಕ್ಕೆ ಮೊದಲಿನದು. ಸ್ಮಾರಕ ಉದ್ಘಾಟನೆಯಾದದ್ದು 1970ರಲ್ಲಿ. ಸ್ಮಾರಕವಿದ್ದು ಪಕ್ಕದ ಬಂಡೆ ಖಾಲಿಯಿದ್ದರೆ ತಿರುವಳ್ಳುವರ್ ಪ್ರತಿಮೆ ಏಳುವುದಕ್ಕೆ ಮೊದಲಿನದು. 133 ಅಡಿಯ ಆ ಪ್ರತಿಮೆ ಅನಾವರಣಗೊಂಡದ್ದು 2000ದ ಜನವರಿ 1ರಂದು. ನಮ್ಮ ಮುರುಡೇಶ್ವರವೂ ಹೀಗೆಯೇ. 20 ಅಂತಸ್ತಿನ ರಾಜಗೋಪುರ ಮುಗಿದದ್ದು 2008ರಲ್ಲಿ. ಅದಕ್ಕೆ ಮುಂಚಿನ ಫೋಟೋದಲ್ಲಿ ಸಮುದ್ರಕ್ಕೆ ಚಾಚಿದ ಕಂದುಕ ಗುಡ್ಡವನ್ನೇ ಗುರುತು ಹಿಡಿಯಬೇಕು. ಒಂದು ಎಚ್ಚರ: ಕಟ್ಟಡ ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಅದು ಆಗ ಇರಲಿಲ್ಲ ಎನ್ನಬಾರದು. ಅದು ಇರಬೇಕಾದ ಜಾಗ ಚೌಕಟ್ಟಿನೊಳಗೆ ಬಂದಿದ್ದು, ಅಲ್ಲಿ ಏನೂ ಇಲ್ಲದಿದ್ದರೆ ಮಾತ್ರ ಆ ಮಾತಿಗೆ ಬೆಲೆ.

ಕಟ್ಟಡವೇ ಇಲ್ಲದ ಬರೀ ಮರಳಿನ ಫೋಟೋವಾದರೆ ದೋಣಿ ನೋಡಿ. ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಕಟ್ಟುಮರ ಹೆಚ್ಚಾಗಿ ತಮಿಳುನಾಡು, ಆಂಧ್ರದ ತೀರದ್ದು. ಸಾಲುಗಟ್ಟಿ ನಿಂತ ಜನ ಉದ್ದನೆಯ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರೆ, ಹಿಂದೆ ತೆಂಗಿನ ತೋಪು, ಹೆಂಚಿನ ಮನೆಗಳಿದ್ದರೆ, ಅದು ನಮ್ಮ ಕರಾವಳಿಯ ರಂಪಣಿ ಬಲೆಯ ಮೀನುಗಾರಿಕೆ ಇರಬಹುದು.

ವಾಹನದ ನಂಬರು ವರ್ಷಕ್ಕೆ ಸಹಾಯ ಮಾಡುತ್ತದೆ. ಕೆ.ಎ. ಎಂಬ ಶ್ರೇಣಿ 1989ರ ನಂತರದ್ದು. ಊರಿನ ವಿಷಯಕ್ಕೆ ಮಾತ್ರ ಯಾತ್ರೆಯ ಬಸ್ಸನ್ನು ನಂಬಬೇಡಿ, ಅದು ನಮ್ಮ ಜೊತೆಗೇ ಬಂದದ್ದು. ದಡದ ಅಂಗಡಿಯ ಬೋರ್ಡು ಯಾವ ಲಿಪಿಯಲ್ಲಿದೆ ನೋಡಿ. ಅಕ್ಷರಗಳು ತಿರುಗುಮುರುಗಾಗಿದ್ದರೆ ನೆಗೆಟಿವ್ ಅನ್ನು ಮಗುಚಿಟ್ಟು ಪ್ರಿಂಟ್ ಹಾಕಿದ್ದಾರೆ. ಬೋರ್ಡೇ ಇಲ್ಲದಿದ್ದರೆ ನಮ್ಮ ಹೆಂಗಸರ ಸೆರಗು ನೋಡಿ: ಎಲ್ಲರದೂ ಬಲ ಭುಜದ ಮೇಲಿದ್ದು, ಗಂಡಸರ ಅಂಗಿಯ ಜೇಬೂ ಬಲಕ್ಕಿದ್ದರೆ ಚಿತ್ರ ಮಗುಚಿದೆ ಎಂದೇ ಅರ್ಥ. ಹಾಗೆಯೇ ನೆರಳು ಅಲೆಯ ಮೇಲೆ ಗೋಡೆಗೆ ಬಿದ್ದಂತೆ ನೆಟ್ಟಗೆ ಬಿದ್ದಿದ್ದರೆ ಅದು ಸಮುದ್ರವೇ ಅಲ್ಲ, ಜಾತ್ರೆಯ ಸ್ಟುಡಿಯೋದ ಪರದೆ. ಅದನ್ನೂ ಎಸೆಯಬೇಡಿ. ಸಮುದ್ರ ನೋಡುವ ಆಸೆ ಆ ಮನೆಯಲ್ಲಿ ಎಷ್ಟಿತ್ತು ಎಂಬುದಕ್ಕೆ ಅದೂ ದಾಖಲೆ.

ಮನೆಯಲ್ಲಿ ಹಿರಿಯರಿದ್ದರೆ 'ಇದು ಯಾವ ಊರು' ಎಂದು ನೇರವಾಗಿ ಕೇಳಬೇಡಿ. ಎಲ್ಲಿ ಇಳಿದುಕೊಂಡಿದ್ದಿರಿ, ಛತ್ರವೋ ನೆಂಟರ ಮನೆಯೋ, ಬುತ್ತಿ ಎಷ್ಟು ದಿನ ಬಂತು, ಯಾರಿಗೆ ವಾಂತಿಯಾಯಿತು ಎಂದು ಕೇಳಿ. ಊರು ತಾನಾಗಿ ಮಾತಿಗೆ ಬರುತ್ತದೆ. ಸಿಕ್ಕಿದ್ದನ್ನು ಫೋಟೋದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತು ಮುಂದಕ್ಕೆ ಮೂಡುತ್ತದೆ. ಊರಿನ ಜೊತೆಗೆ ಕಾರಣವೂ ಇರಲಿ: 'ಮದರಾಸು, ಮರೀನಾ, ಸಂಜೆ, 1959ರ ನಂತರ, ಎಡಕ್ಕೆ ಶಿಲ್ಪ ಕಾಣುತ್ತದೆ.' ಮುಂದೆ ನೋಡುವವರು ನಿಮ್ಮ ಊಹೆಯನ್ನು ಒಪ್ಪಲೂಬಹುದು, ತಿದ್ದಲೂಬಹುದು.

ನಮಸ್ಕಾರ.