ಕಂಪನಿಯ ಅಂದಾಜು ತಪ್ಪಿದ್ದು ಹೇಗೆ?

ಕೇಳುಗರಿಗೆ ನಮಸ್ಕಾರ.

ಒಂದು ಹಾಳೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರಲ್ಲೊಂದು ಪ್ರಶ್ನೆ: ಮುಂದಿನ ಮೂರು ತಿಂಗಳಲ್ಲಿ ನಿಮ್ಮ ಉತ್ಪಾದನೆ ಹೆಚ್ಚುತ್ತದಾ, ಹಾಗೇ ಇರುತ್ತದಾ, ಇಳಿಯುತ್ತದಾ? ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು, ಅಷ್ಟೇ. ಜರ್ಮನಿಯ ಮ್ಯೂನಿಕ್‌ನಲ್ಲಿರುವ ಇಫೋ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ 1949ರಿಂದ ಕಂಪನಿಗಳನ್ನು ಹೀಗೆ ಕೇಳುತ್ತಾ ಬಂದಿದೆ.

1961ರಲ್ಲಿ ಜಾನ್ ಮ್ಯೂತ್ ಎಂಬ ಅರ್ಥಶಾಸ್ತ್ರಜ್ಞರು ಒಂದು ದಿಟ್ಟ ಮಾತು ಹೇಳಿದರು. ಕಂಪನಿಗಳು ಸಿಕ್ಕ ಮಾಹಿತಿಯನ್ನು ಸುಮ್ನೆ ಬಿಡುವುದಿಲ್ಲ, ಪೂರ್ತಿ ಬಳಸಿಕೊಂಡೇ ಅಂದಾಜು ಕಟ್ಟುತ್ತವೆ. ಇದೇ ತರ್ಕಬದ್ಧ ನಿರೀಕ್ಷೆ. ಹಾಗಂತ ಅಂದಾಜು ತಪ್ಪುವುದೇ ಇಲ್ಲ ಅಂತಲ್ಲ. ತಪ್ಪಬಹುದು, ಆದರೆ ಪ್ರತಿ ಸಲ ಒಂದೇ ಕಡೆಗೆ ವಾಲಬಾರದು.

ಇದನ್ನು ಪರೀಕ್ಷಿಸುವುದು ಹೇಗೆ? ಅಂದಾಜನ್ನೂ ನಡೆದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ತಪ್ಪುಗಳ ಸರಾಸರಿ ಸೊನ್ನೆಗೆ ಹತ್ತಿರ ಇದೆಯಾ? ಇದು ಸುಲಭದ ಪರೀಕ್ಷೆ. ಇನ್ನೊಂದು ಕಠಿಣ. ಗುರುತು ಹಾಕಿದ ದಿನವೇ ಕಂಪನಿಗೆ ಗೊತ್ತಿದ್ದ ಸಂಗತಿಯಿಂದ ಆ ತಪ್ಪನ್ನು ಊಹಿಸಬಹುದಿತ್ತಾ? ಆರ್ಡರ್ ಇಳಿದಾಗಲೆಲ್ಲ ಕಂಪನಿಯ ಅಂದಾಜು ಜಾಸ್ತಿಯಾಗಿಯೇ ಇದ್ದರೆ, ಕೈಯಲ್ಲಿದ್ದ ಸುದ್ದಿಯನ್ನೇ ಅದು ಸರಿಯಾಗಿ ಬಳಸಿಲ್ಲ ಎಂದಾಯಿತು.

ಆದರೆ ಗುರುತು ಅಂಕಿಯಲ್ಲ, ಅಲ್ವಾ? 1975ರಲ್ಲಿ ಕಾರ್ಲ್‌ಸನ್ ಮತ್ತು ಪಾರ್ಕಿನ್ ಎಂಬಿಬ್ಬರು, ಇಂಥ ಉತ್ತರಗಳಲ್ಲಿ ಎಷ್ಟು ಪಾಲು ಏರಿಕೆ, ಎಷ್ಟು ಇಳಿಕೆ ಎಂಬುದರಿಂದ ಸರಾಸರಿ ನಿರೀಕ್ಷೆಯ ಅಂಕಿ ತೆಗೆಯುವ ದಾರಿ ತೋರಿಸಿದರು. ಜಾಣ ಉಪಾಯವೇ. ಆದರೂ ನನಗೆ ಸರಾಸರಿಯ ಮೇಲೆ ಪೂರ್ತಿ ನಂಬಿಕೆಯಿಲ್ಲ. ಒಬ್ಬರ ಅತಿಯಾದ ಭರವಸೆ, ಇನ್ನೊಬ್ಬರ ಅತಿಭಯ ಸೇರಿ ಸೊನ್ನೆಯಾಗಿಬಿಡುತ್ತವೆ. ಅದೇ ಕಂಪನಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದರೇ ನಿಜ ಕಾಣುವುದು. ಬಾಖ್‌ಮನ್ ಮತ್ತು ಎಲ್ಸ್ಟ್‌ನರ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇಫೋ ಹಾಳೆಗಳನ್ನು ಹಾಗೇ ನೋಡಿತು. ಸತತವಾಗಿ ಒಂದೇ ಕಡೆಗೆ ತಪ್ಪುವ ಕಂಪನಿಗಳು, ಲೆಕ್ಕದ ವಿಧಾನಕ್ಕೆ ತಕ್ಕಂತೆ, ಶೇಕಡಾ 6ರಿಂದ 34ರಷ್ಟು. ಉಳಿದವುಗಳಲ್ಲಿ ಅಂಥ ವಾಲುವಿಕೆ ಕಾಣಲಿಲ್ಲ.

ವರ್ಷಗಟ್ಟಲೆ ಏಕೆ? 2008ರ ಕುಸಿತದಂಥ ಪೆಟ್ಟು ಬಿದ್ದಾಗ ಬಹುತೇಕರ ಅಂದಾಜು ಒಂದೇ ದಿಕ್ಕಿಗೆ ತಪ್ಪುತ್ತದೆ. ಆ ಒಂದೆರಡು ವರ್ಷ ಮಾತ್ರ ನೋಡಿದರೆ ಕಂಪನಿಗಳ ಮೇಲೆ ಸುಳ್ಳು ಆರೋಪ ಹೊರಿಸಿದಂತೆ. ದೀರ್ಘ ಲೆಕ್ಕದಲ್ಲೂ ಒಂದು ತೊಡಕಿದೆ. ಅತಿಯಾದ ಭರವಸೆ ಇಟ್ಟುಕೊಂಡು ಬಾಗಿಲು ಮುಚ್ಚಿದ ಕಂಪನಿ ಮುಂದಿನ ತಿಂಗಳು ಹಾಳೆ ತುಂಬುವುದಿಲ್ಲ. ಅದರ ಕೊನೆಯ ಅಂದಾಜಿಗೆ ಜೋಡಿಸಿ ನೋಡಲು ಉತ್ತರವೇ ಇರುವುದಿಲ್ಲ.