"ಬಿದ್ದೆ ಕಣಣ್ಣ"

ನಮಸ್ಕಾರ. ಮಂಡ್ಯದ ಕಡೆ ಬೆಳಗ್ಗೆ 5ಕ್ಕೆ ನಾಲೆ ಏರಿ ಮೇಲೆ ಹೋಗಿ ನೋಡಿ, ಅಗ್ನಿವೀರ ಆಗಬೇಕು, ಅಂದರೆ 4 ವರ್ಷಕ್ಕೆ ಸೇನೆ ಸೇರಬೇಕು ಅಂತ ಹುಡುಗರು ಓಡುತ್ತಿರುತ್ತಾರೆ. 1.6 ಕಿಲೋಮೀಟರ್ ಓಟ ಪಾಸಾಗಬೇಕಲ್ಲ. ನನ್ನ ಚಿಕ್ಕಪ್ಪನ ಮಗನೂ ಹಾಗೇ ಓಡಿ ಓಡಿ ಸೇರಿದವನು.

ಮೊದಲ ರಜೆಗೆ ಬಂದಾಗ ಪಂಪ್‌ಸೆಟ್ ಹತ್ತಿರ ಸ್ನಾನಕ್ಕೆ ಅಂತ ಬನಿಯನ್ ತೆಗೆದ. ಬೆನ್ನ ತುಂಬ ಬೆಲ್ಟಿನ ಬಾಸುಂಡೆ, ಬಕಲ್ ತಗುಲಿದ ಕಡೆ ಕಪ್ಪಗೆ ಊದಿತ್ತು. "ಏನೋ ಇದು?" ಅಂದೆ. "ಬಿದ್ದೆ ಕಣಣ್ಣ" ಅಂದ. ಚಿಕ್ಕಪ್ಪನೂ ಅಲ್ಲೇ ಇದ್ದರು. "ಮಿಲ್ಟ್ರಿ ಅಂದ್ರೆ ಸುಮ್ನೆನಾ, ಗಟ್ಟಿ ಆಯ್ತಾನೆ ಬುಡ್ಲಾ" ಅಂದರು.

ನನಗೆ ಸಿಟ್ಟು ಬಂದಿದ್ದು ಈ ಮಾತಿಗೆ. ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ, ಬೇರೆ; ಇದು ಬೇರೆ. ತಪ್ಪು ಮಾಡಿದ ಅಂತ ಟ್ರೈನಿಂಗ್ ಕೊಡುವ ಉಸ್ತಾದ್ ಮೈದಾನದಲ್ಲಿ ಎಲ್ಲರ ಎದುರು ಫ್ರಂಟ್ ರೋಲ್ ಹೊಡೆಸಿದರೆ, ಮನಸ್ಸಲ್ಲೇ ಬೈದುಕೊಂಡು ಮಲಗಿದರೆ ಮುಗೀತು. ಲೈಟ್ ಆರಿದ ಮೇಲೆ, ತೋಳಿಗೆ ಬಡ್ತಿಯ ಪಟ್ಟಿ ಬಂದವನೊಬ್ಬ ತನ್ನ ಬಟ್ಟೆ ಒಗೆದುಕೊಡಲಿಲ್ಲ ಅಂತ ಬೆಲ್ಟ್ ಬಿಚ್ಚಿದರೆ ಅದು ಯಾವ ಸೀಮೆ ಟ್ರೈನಿಂಗ್?

ರಷ್ಯಾದಲ್ಲಿ ಇದಕ್ಕೆ ಹೆಸರೇ ಇದೆ, ದೆದೊವ್ಷಿನಾ. ಹೆಚ್ಚುಕಮ್ಮಿ 'ತಾತಂದಿರ ದರ್ಬಾರು' ಅಂದುಕೊಳ್ಳಿ. ತಾತ ಅಂದರೆ ಮೊದಲೇ ಸೇರಿದ ಸಿಪಾಯಿ, ವಯಸ್ಸು 20 ಇರಬಹುದು, ಅಷ್ಟೇ! ಅಲ್ಲಿ ಚೆಲ್ಯಾಬಿನ್ಸ್ಕ್‌ನಲ್ಲಿ 2005ರ ಕೊನೆಯ ರಾತ್ರಿ ಹಿಂಸೆಗೆ ಸಿಕ್ಕಿದ ಹುಡುಗನೊಬ್ಬನ ಎರಡೂ ಕಾಲು ತೆಗೆಯಬೇಕಾಯಿತು. ದಕ್ಷಿಣ ಕೊರಿಯಾದಲ್ಲಿ 2014ರಲ್ಲಿ ಜೊತೆಯವರೇ ಒಬ್ಬನನ್ನು ಹೊಡೆದು ಕೊಂದರು.

ನಮ್ಮಲ್ಲಿ ಕಾನೂನಿಲ್ಲ ಅಂತಲ್ಲ. 1950ರ ಸೇನಾ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಅಧಿಕಾರಿಯಿರಲಿ ಹವಾಲ್ದಾರನಿರಲಿ, ಕೈಕೆಳಗಿನವನಿಗೆ ಹೊಡೆದರೆ 7 ವರ್ಷದವರೆಗೆ ಜೈಲು. 26ನೇ ಸೆಕ್ಷನ್‌ನಲ್ಲಿ ಜವಾನ ದೂರು ಕೊಡುವ ದಾರಿಯೂ ಇದೆ. ಆದರೆ ದೂರು ಮೊದಲು ಹೋಗಬೇಕಾದ್ದು ಅದೇ ಘಟಕದ ಮೇಲಧಿಕಾರಿಯ ಹತ್ತಿರ. 4 ವರ್ಷ ಆದ ಮೇಲೆ 100ಕ್ಕೆ 25ರಷ್ಟು ಹುಡುಗರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಅದೂ ರೆಕಾರ್ಡ್ ನೋಡಿ. ಹೀಗಿರುವಾಗ ಯಾವನು ಬಾಯಿ ಬಿಡುತ್ತಾನೆ, ನೀವೇ ಹೇಳಿ? ಅಲ್ಲಿ ಹೇಳುವಂತಿಲ್ಲ. ಇಲ್ಲಿ ಹೇಳಿದರೆ "ಗಟ್ಟಿ ಆಯ್ತಾನೆ ಬುಡು".

ಭಾನುವಾರ ಅವನ ಫೋನ್ ಬಂದರೆ ಚಿಕ್ಕಮ್ಮ ಕೇಳುವುದು ಊಟ ಆಯ್ತಾ, ಚಳಿ ಜಾಸ್ತಿನಾ ಅಂತ. ಹೋದ ವಾರ ಫೋನ್ ನನ್ನ ಕೈಗೆ ಬಂತು, ನೇರವಾಗಿ ಕೇಳಿದೆ, "ಅಲ್ಲಿ ಯಾರಾದ್ರೂ ಕೈ ಮಾಡ್ತಾರೇನೋ?"

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ಅಣ್ಣ, ಸ್ಪೀಕರ್ ಹಾಕಿದ್ದೀಯಾ?" ಅಂದ.