ಕೂರಿಗೆ ಭತ್ತದ ಕಳೆ: ಕಳೆನಾಶಕ ಹೊಡೆದರೂ ಯಾಕೆ ಸಾಯುತ್ತಿಲ್ಲ?

[ದೃಶ್ಯ: ಬಿಳಿ ಹಾಳೆಯ ಮೇಲೆ ಬೇರುಸಮೇತ ಕಿತ್ತ ಎರಡು ಸಸಿ. ಕ್ಯಾಮೆರಾ ತೀರಾ ಹತ್ತಿರ]

ಎರಡೂ ಒಂದೇ ಸಾಲಿನಲ್ಲಿ ಹುಟ್ಟಿದವು. ಒಂದು ಭತ್ತ, ಇನ್ನೊಂದು ಕಳೆ. ಯಾವುದು ಯಾವುದು? ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ, ಅದು ಕಾಂಡಕ್ಕೆ ಕೂಡುವ ಸಂದು ನೋಡಿ. ಭತ್ತಕ್ಕೆ ಅಲ್ಲಿ ತೆಳ್ಳಗಿನ ಬಿಳಿ ಪೊರೆ ಎದ್ದು ನಿಂತಿರುತ್ತದೆ, ಅದರ ತುದಿ ಎರಡಾಗಿ ಸೀಳಿರುತ್ತದೆ. ಎಕಿನೋಕ್ಲೋವಾ ಜಾತಿಯ ಹುಲ್ಲಿಗೆ ಪೊರೆಯೇ ಇಲ್ಲ, ಸಂದು ಬೋಳು. ಮೂರು–ನಾಲ್ಕು ಎಲೆ ಬಂದಾಗಲೇ ಈ ಗುರುತು ಸಿಗುತ್ತದೆ. ಕಳೆನಾಶಕ ಚೆನ್ನಾಗಿ ನಾಟುವುದೂ ಆ ವಯಸ್ಸಿನಲ್ಲೇ. ತೆನೆ ಬಂದ ಮೇಲೆ ಗುರುತು ಸಿಕ್ಕರೆ ಏನು ಬಂತು?

[ದೃಶ್ಯ: ತುಂಗಭದ್ರಾ ಅಚ್ಚುಕಟ್ಟು. ಒಂದು ಕಡೆ ನೀರು ನಿಂತ ನಾಟಿ ಗದ್ದೆ, ಇನ್ನೊಂದು ಕಡೆ ಕೂರಿಗೆಯಲ್ಲಿ ಬಿತ್ತಿದ ಒಣ ಹೊಲ]

ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆ ಕೂರಿಗೆ ಭತ್ತ, ಅಂದರೆ ಸಸಿ ನಾಟಿ ಮಾಡದೆ ಒಣ ಹೊಲದಲ್ಲಿ ಬೀಜವನ್ನೇ ಸಾಲಾಗಿ ಬಿತ್ತುವುದು, ಹೊಸದಲ್ಲ. ಕೆಸರು ಮಾಡುವ ನೀರು ಉಳಿಯುತ್ತದೆ, ನಾಟಿ ಆಳು ಬೇಡ, ನೀರು ನಿಲ್ಲದ ಕಾರಣ ಮೀಥೇನ್ ಅನಿಲವೂ ಕಡಿಮೆ. ಆದರೆ ನಾಟಿ ಗದ್ದೆಯಲ್ಲಿ ಎರಡು ಅನುಕೂಲ ಇದ್ದವು: ಇಪ್ಪತ್ತು–ಇಪ್ಪತ್ತೈದು ದಿನದ ಸಸಿ ಕಳೆಗಿಂತ ಮುಂದಿರುತ್ತಿತ್ತು, ನಿಂತ ನೀರು ಕಳೆ ಬೀಜವನ್ನು ಅದುಮಿಡುತ್ತಿತ್ತು. ಕೂರಿಗೆ ಬಿತ್ತನೆಯಲ್ಲಿ ಎರಡೂ ಹೋದವು. ಭತ್ತ, ಕಳೆ ಒಂದೇ ದಿನ ಹುಟ್ಟುತ್ತವೆ. ಸುಮ್ಮನೆ ಬಿಟ್ಟರೆ ಇಳುವರಿಯ ಅರ್ಧಕ್ಕಿಂತ ಹೆಚ್ಚು ಕಳೆಯ ಪಾಲಾಗಬಹುದು. ಹಾಗಾಗಿ ಇಲ್ಲಿ ಕಳೆಯ ಕೆಲಸ ಬಿತ್ತನೆಗೆ ಮೊದಲೇ ಶುರುವಾಗಬೇಕು.

[ದೃಶ್ಯ: ಮಳೆಯ ನಂತರ ಹಸಿರಾದ ಖಾಲಿ ಹೊಲ, ಮೇಲೆ ಕುಂಟೆ]

ಮೊದಲ ಹೆಜ್ಜೆ, ಕಳೆಯನ್ನು ಬೇಕೆಂದೇ ಹುಟ್ಟಿಸಿ ಕೊಲ್ಲುವುದು. ಹೊಲ ಹದ ಮಾಡಿ ಒಂದು ನೀರು ಕೊಡಿ. ಕಾಲುವೆಗೆ ಕಾಯುತ್ತ ಕೂತರೆ ಬಿತ್ತನೆಯೇ ತಡವಾಗುತ್ತದೆ, ಆದ್ದರಿಂದ ಮುಂಗಾರಿನ ಮೊದಲ ಹದ ಮಳೆಯನ್ನೇ ಇದಕ್ಕೆ ಬಳಸಿಕೊಳ್ಳುವುದು ಜಾಣತನ. ಹತ್ತು–ಹದಿನೈದು ದಿನದಲ್ಲಿ ಮೇಲಿನ ಪದರದ ಬೀಜ ಮೊಳೆಯುತ್ತದೆ. ಆಗ ಕುಂಟೆ ಹೊಡೆಯಿರಿ, ಆದರೆ ಮೇಲೆ ಮೇಲೆ, 5 ಸೆಂ.ಮೀ. ಒಳಗೇ. ತಪ್ಪಾಗುವುದು ಇಲ್ಲೇ: ಟ್ರ್ಯಾಕ್ಟರ್ ಇದೆ ಎಂದು ಆಳವಾಗಿ ಉತ್ತರೆ ಕೆಳಗೆ ಮಲಗಿದ್ದ ಬೀಜ ಮೇಲೆ ಬಂದು ಎರಡನೇ ಬೆಳೆಯಾಗಿ ಏಳುತ್ತದೆ. ಕುಂಟೆಯ ಬದಲು ಗ್ಲೈಫೋಸೇಟ್ ಹೊಡೆಯುವವರು ಒಂದು ತಿಳಿದಿರಲಿ: ಕೀಟ ನಿಯಂತ್ರಣ ಪರವಾನಗಿ ಇರುವವರ ಮೂಲಕ ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು.

ಬಿತ್ತನೆಗೆ ಎಕರೆಗೆ 10 ಕೆ.ಜಿ. ಆಸುಪಾಸು ಬೀಜ, ಸಾಲಿನಿಂದ ಸಾಲಿಗೆ 20 ಸೆಂ.ಮೀ., ಆಳ 2ರಿಂದ 3 ಸೆಂ.ಮೀ. ಆಳದ ಮಾತು ಮುಂದಿನ ಹೆಜ್ಜೆಗೆ ಬೇಕು.

[ದೃಶ್ಯ: 16 ಲೀಟರಿನ ಬ್ಯಾಟರಿ ಸ್ಪ್ರೇಯರ್, ಅಳತೆಯ ಲೋಟ, ಪರದೆಯ ಮೇಲೆ ಲೆಕ್ಕ]

ಬಿತ್ತಿದ ಮೂರು ದಿನದೊಳಗೆ, ಮಣ್ಣು ಹಸಿ ಇರುವಾಗ, ಪೆಂಡಿಮೆಥಾಲಿನ್ 30 ಇಸಿ ಎಂಬ ಕಳೆನಾಶಕ ಎಕರೆಗೆ 1.3 ಲೀಟರ್, 200 ಲೀಟರ್ ನೀರಿನಲ್ಲಿ. ಮೊಳಕೆಯೊಡೆಯುತ್ತಿರುವ ಬೀಜದ ಬೇರು, ಚಿಗುರಿನ ಕೋಶ ವಿಭಜನೆಯನ್ನು ಇದು ತಡೆಯುತ್ತದೆ. ಹುಟ್ಟಿ ನಿಂತ ಕಳೆಗೆ ಏನೂ ಮಾಡುವುದಿಲ್ಲ. ಒಣ ಮಣ್ಣಿನ ಮೇಲೆ ಬಿದ್ದರೆ ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಭತ್ತದ ಬೀಜ ಮೇಲೆಯೇ ಉಳಿದಿದ್ದರೆ, ಅಥವಾ ಹೊಡೆದ ಕೂಡಲೇ ಹೊಲದಲ್ಲಿ ನೀರು ನಿಂತರೆ, ಭತ್ತಕ್ಕೂ ಪೆಟ್ಟು.

ಈಗ ಲೆಕ್ಕ. 200 ಲೀಟರ್ ಎಂದರೆ 16 ಲೀಟರಿನ ಹನ್ನೆರಡೂವರೆ ಟ್ಯಾಂಕು. ಟ್ಯಾಂಕಿಗೆ 104 ಮಿ.ಲೀ. ನಡೆಯುವ ವೇಗ ಹೆಚ್ಚಾಗಿ ಆರು ಟ್ಯಾಂಕಿಗೇ ಎಕರೆ ಮುಗಿಸಿದರೆ ಬಿದ್ದದ್ದು ಅರ್ಧ ಪ್ರಮಾಣವೂ ಅಲ್ಲ. ‘ಔಷಧ ಡೂಪ್ಲಿಕೇಟ್’ ಎಂದು ಅಂಗಡಿಯವರ ಜೊತೆ ಜಗಳ ಆಡುವ ಮೊದಲು ಒಂದು ಪರೀಕ್ಷೆ ಮಾಡಿ. 10 ಮೀಟರ್ ಉದ್ದ, 10 ಮೀಟರ್ ಅಗಲ ಗುರುತು ಹಾಕಿ, ಬರೀ ನೀರು ತುಂಬಿ, ನಿಮ್ಮ ಮಾಮೂಲಿ ನಡಿಗೆಯಲ್ಲೇ ಹೊಡೆಯಿರಿ. ಸುಮಾರು 5 ಲೀಟರ್ ಖರ್ಚಾಗಬೇಕು. ಮೂರೇ ಆದರೆ ನಡಿಗೆ ನಿಧಾನ ಮಾಡಿ, ಇಲ್ಲವೇ ನಾಜಲ್ ಬದಲಿಸಿ. ನಾಜಲ್ ಚಪ್ಪಟೆ ಬೀಸಣಿಗೆಯಂತೆ ಹರಡುವುದೇ ಇರಲಿ. ಕೀಟನಾಶಕಕ್ಕೆ ಬಳಸುವ ಶಂಕುವಿನಾಕಾರದ್ದು ಕಳೆನಾಶಕಕ್ಕೆ ಸರಿಹೋಗದು, ನೆಲದ ಮೇಲೆ ಸಮನಾಗಿ ಬೀಳುವುದಿಲ್ಲ.

[ದೃಶ್ಯ: 20 ದಿನದ ಬೆಳೆ, ಸಾಲಿನ ನಡುವೆ ಎರಡು–ನಾಲ್ಕು ಎಲೆಯ ಕಳೆ]

ಎರಡನೇ ಸುತ್ತು 15ರಿಂದ 25 ದಿನದೊಳಗೆ. ದಿನ ಎಣಿಸುವುದಕ್ಕಿಂತ ಕಳೆಯ ಎಲೆ ಎಣಿಸಿ: ಎರಡರಿಂದ ನಾಲ್ಕು. ಬಿಸ್ಪೈರಿಬ್ಯಾಕ್ ಸೋಡಿಯಂ 10 ಎಸ್‌ಸಿ ಎಕರೆಗೆ 100 ಮಿ.ಲೀ., 150 ಲೀಟರ್ ನೀರಿಗೆ. ನೀರು ನಿಂತಿದ್ದರೆ ಹೊಡೆಯುವ ಮೊದಲು ಬಸಿಯಿರಿ, ಎಲೆ ಮುಳುಗಿದ್ದರೆ ಔಷಧ ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಮತ್ತೆ ನೀರು ಹಾಯಿಸಿ. ಎಕಿನೋಕ್ಲೋವಾ ಇದಕ್ಕೆ ಬಗ್ಗುತ್ತದೆ. ಲೆಪ್ಟೋಕ್ಲೋವಾ ಜಾತಿಯ ಹುಲ್ಲು ಅಷ್ಟಾಗಿ ಬಗ್ಗುವುದಿಲ್ಲ, ಅದಕ್ಕೆ ಫೆನಾಕ್ಸಾಪ್ರಾಪ್ ಗುಂಪಿನ ಕಳೆನಾಶಕ ಬೇಕು. ಅಗಲ ಎಲೆಯ ಕಳೆ, ಜೇಕು ಹೆಚ್ಚಿದ್ದರೆ ಮೆಟ್‌ಸಲ್ಫ್ಯೂರಾನ್ ಮತ್ತು ಕ್ಲೋರಿಮ್ಯೂರಾನ್ ಸೇರಿದ ಪುಡಿ, ಎಕರೆಗೆ 8 ಗ್ರಾಂ. ಕೆಲಸ ಉಳಿಯಲಿ ಎಂದು ಫೆನಾಕ್ಸಾಪ್ರಾಪ್ ಮತ್ತು ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ಒಂದೇ ಟ್ಯಾಂಕಿಗೆ ಸುರಿಯಬೇಡಿ. ಎರಡನೆಯದು ಮೊದಲನೆಯದರ ಶಕ್ತಿ ಕುಗ್ಗಿಸುತ್ತದೆ, ಹುಲ್ಲು ಉಳಿದುಬಿಡುತ್ತದೆ.

[ದೃಶ್ಯ: ನಾಲ್ಕು ಬೇರೆ ಬೇರೆ ಬಣ್ಣದ ಡಬ್ಬಿ, ಎಲ್ಲದರ ಬಾಣವೂ ಒಂದೇ ಕಿಣ್ವದ ಚಿತ್ರದತ್ತ]

ಇಲ್ಲಿ ಸ್ವಲ್ಪ ನಿಲ್ಲಿ. ಬಿಸ್ಪೈರಿಬ್ಯಾಕ್, ಪೆನಾಕ್ಸುಲಾಮ್, ಪೈರಾಜೋಸಲ್ಫ್ಯೂರಾನ್, ಮೆಟ್‌ಸಲ್ಫ್ಯೂರಾನ್. ಹೆಸರು ನಾಲ್ಕು, ಹೊಡೆತ ಒಂದೇ ಜಾಗಕ್ಕೆ. ಕೆಲವು ಅಮೈನೋ ಆಮ್ಲ ತಯಾರಿಸುವ ಎಎಲ್‌ಎಸ್ ಎಂಬ ಕಿಣ್ವವನ್ನೇ ಎಲ್ಲವೂ ತಡೆಯುತ್ತವೆ. ಡಬ್ಬಿ ಬದಲಿಸಿದ ಮಾತ್ರಕ್ಕೆ ಔಷಧ ಬದಲಿಸಿದಂತಲ್ಲ. ಆ ಕಿಣ್ವ ತುಸು ಬದಲಾದ ಗಿಡ ಸಾವಿರದಲ್ಲೊಂದಲ್ಲ, ಲಕ್ಷದಲ್ಲೊಂದು ಇದ್ದರೂ ಸಾಕು, ವರ್ಷ ವರ್ಷ ಅದರ ಬೀಜವೇ ಉಳಿದು ಹೊಲ ತುಂಬುತ್ತದೆ. ಹರಿಯಾಣದ ಗೋಧಿಯಲ್ಲಿ ಇಂಥದ್ದೇ ಆಯಿತು. ಐಸೋಪ್ರೋಟ್ಯೂರಾನ್ ಎಂಬ ಕಳೆನಾಶಕ ಒಂದನ್ನೇ ನೆಚ್ಚಿಕೊಂಡಿದ್ದರಿಂದ 1990ರ ದಶಕದ ಆರಂಭಕ್ಕೇ ಫಲಾರಿಸ್ ಮೈನರ್ ಎಂಬ ಕಳೆ ಅದಕ್ಕೆ ಸಾಯುವುದನ್ನು ಬಿಟ್ಟಿತು. ಪೆಂಡಿಮೆಥಾಲಿನ್ ಆ ಎಎಲ್‌ಎಸ್ ಗುಂಪಿನದಲ್ಲ, ಬೇರೆ ಗುಂಪಿನದು. ಎರಡನೇ ಸುತ್ತು ಇದ್ದೇ ಇದೆಯಲ್ಲ ಎಂದು ಮೊದಲ ಸುತ್ತು ಬಿಡಬಾರದು ಎನ್ನುವುದು ಇದಕ್ಕೇ.

ಕಳೆನಾಶಕ ತಾಳುವ ಭತ್ತವೂ ಬಂದಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಬಾಸ್ಮತಿ 1979 ಮತ್ತು 1985 ತಳಿಗಳು 2021ರಲ್ಲಿ ಬಿಡುಗಡೆಯಾದವು. ಇವು ಕುಲಾಂತರಿಯಲ್ಲ. ನಾಗಿನಾ 22 ತಳಿಯ ರೂಪಾಂತರದಲ್ಲಿ ಸಿಕ್ಕ ಬದಲಾದ ಎಎಲ್‌ಎಸ್ ವಂಶವಾಹಿಯನ್ನು ಸಂಕರಣದಿಂದ ತಂದದ್ದು. ಎಎಲ್‌ಎಸ್ ತಡೆಯುವ ಇಮಾಜೆಥಾಪಿರ್ ಎಂಬ ಕಳೆನಾಶಕ ಹೊಡೆದರೆ ಕಳೆ ಸಾಯುತ್ತದೆ, ಭತ್ತ ಉಳಿಯುತ್ತದೆ. ಆದರೆ ಹೊಲದಲ್ಲಿ ತಾನಾಗಿ ಹುಟ್ಟಿ ಕಾಟ ಕೊಡುವ ಕಳೆ ಭತ್ತವೂ ಭತ್ತದ್ದೇ ಜಾತಿ, ಪರಾಗದ ಮೂಲಕ ಔಷಧ ತಾಳುವ ಗುಣ ಅದಕ್ಕೂ ದಾಟುತ್ತದೆ. ಆರಂಭದಲ್ಲಿ ಹೇಳಿದ ಪೊರೆಯ ಗುರುತು ಕೂಡ ಅದರ ಮುಂದೆ ನಡೆಯುವುದಿಲ್ಲ. ಅಮೆರಿಕದಲ್ಲಿ ಇಂಥ ಭತ್ತ 2002ರಲ್ಲಿ ಹೊಲಕ್ಕಿಳಿಯಿತು, ಕೆಲವೇ ವರ್ಷಗಳಲ್ಲಿ ಔಷಧಕ್ಕೆ ಬಗ್ಗದ ಕಳೆ ಭತ್ತ ಅಲ್ಲಿ ಕಾಣಿಸಿಕೊಂಡಿತು. ನಮ್ಮ ಅಭಿಪ್ರಾಯದಲ್ಲಿ ಇದು ಪ್ರತಿ ಹಂಗಾಮಿಗೂ ಬಿತ್ತುವ ತಳಿಯಲ್ಲ.

[ದೃಶ್ಯ: ಭತ್ತದ ಸಾಲಿನ ನಡುವೆ ಡಯಾಂಚ, ನಂತರ ಸೊರಗಿದ ಹತ್ತಿ ಎಲೆ]

ಭತ್ತದ ಜೊತೆಗೇ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡದ ಬೀಜ ಎಕರೆಗೆ 8–10 ಕೆ.ಜಿ. ಬಿತ್ತಿ, 25–30 ದಿನಕ್ಕೆ 2,4-ಡಿ ಹೊಡೆದು ಅಲ್ಲೇ ಒಣಗಿಸುವ ಪದ್ಧತಿಯೂ ಇದೆ. ನೆರಳು ಕಳೆಯನ್ನು ತಡೆಯುತ್ತದೆ, ಒಣಗಿದ ಎಲೆ ಮಣ್ಣಿಗೆ ಸೇರುತ್ತದೆ. ತಡ ಮಾಡಿದರೆ ಡಯಾಂಚವೇ ಭತ್ತವನ್ನು ಮುಚ್ಚುತ್ತದೆ. ಪಕ್ಕದಲ್ಲಿ ಹತ್ತಿ ಇದ್ದರೆ ಇದನ್ನು ಕೈಬಿಡಿ. 2,4-ಡಿಯ ಸಣ್ಣ ತುಂತುರು ಗಾಳಿಗೆ ಹಾರಿ ಬಂದರೂ ಹತ್ತಿಯ ಹೊಸ ಎಲೆ ಬೆಂಡೆ ಎಲೆಯಂತೆ ಸೀಳಿ ಮುದುಡುತ್ತದೆ. ರಾಯಚೂರು ಕಡೆ ಭತ್ತ, ಹತ್ತಿ ಬದು ಹಂಚಿಕೊಂಡೇ ಇರುತ್ತವೆ, ನೆರೆಯವರ ಜೊತೆ ಪಂಚಾಯಿತಿ ಕೂರುವ ಹಾಗಾಗಬಾರದು.

ಸಾಲಿನಲ್ಲಿ ಬಿತ್ತಿದ್ದರಿಂದ ಎಡೆ ಹೊಡೆಯಲು ಜಾಗ ಇದೆ. 30 ದಿನದ ಹೊತ್ತಿಗೆ ಒಂದು ಸಲ ಸೈಕಲ್ ವೀಡರ್ ತಳ್ಳಿದರೆ ಔಷಧ ತಪ್ಪಿಸಿಕೊಂಡವು ಸಿಗುತ್ತವೆ.

ಈ ಹಂತದಲ್ಲಿ ಹೊಸ ಎಲೆ ಬಿಳಚಿ ಹಳದಿಯಾದರೆ ಕಳೆನಾಶಕ ಸುಟ್ಟಿದೆ ಎಂದುಕೊಳ್ಳುವವರು ಬಹಳ. ನೀರು ನಿಲ್ಲದ ಭತ್ತದಲ್ಲಿ, ಸುಣ್ಣದಂಶ ಇರುವ ಎರೆ ಮಣ್ಣಿನಲ್ಲಂತೂ, ಅದು ಬಹುಪಾಲು ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ವಾರಕ್ಕೊಮ್ಮೆ ಎರಡು–ಮೂರು ಸಲ ಸಿಂಪಡಿಸಿ. ಹಳೆ ಎಲೆ ಹಳದಿಯಾಗಿದ್ದರೆ ಮಾತ್ರ ಸಾರಜನಕದ ಕಡೆ ನೋಡಿ.

[ದೃಶ್ಯ: ತೆನೆ ಬಿಟ್ಟ ಹೊಲದಲ್ಲಿ ಅಲ್ಲಲ್ಲಿ ಎತ್ತರದ ಹುಲ್ಲು, ಬದಿಯಲ್ಲಿ ಕೊಯ್ಲಿನ ಮಷಿನ್]

ಎರಡೂ ಸುತ್ತು ದಾಟಿ ಉಳಿದ ಗಿಡವನ್ನು ಬೀಜ ಉದುರುವ ಮೊದಲೇ ಕಿತ್ತು ಹೊಲದಿಂದ ಹೊರಗೆ ಹಾಕಿ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬಾಡಿಗೆ ಮಷಿನ್ ಬಂದಾಗ, ನಿಮ್ಮ ಹೊಲಕ್ಕೆ ಇಳಿಸುವ ಮೊದಲು, ಮುಂದಿನ ಕತ್ತರಿ ಭಾಗ ಮತ್ತು ಜರಡಿಯಲ್ಲಿ ಸಿಕ್ಕಿಕೊಂಡಿದ್ದನ್ನು ಜಾಡಿಸಲು ಹೇಳಿ. ಬೇರೆ ಊರಿನ ಕಳೆ ಭತ್ತದ ಬೀಜ ಅದರಲ್ಲೇ ಬರುತ್ತದೆ.